ಫೋನ್ ಎತ್ತಿದ್ದು ಭಾವ

ಸೋನಾಹಿ ಹೊಳೆ ಚುರೆ ಬೆಟ್ಟ ಇಳಿದು ಬಯಲಿಗೆ ಬೀಳುವಲ್ಲಿ ಹೆದ್ದಾರಿಯ ಸೇತುವೆ ಇದೆ. ಅದರ ನಡುಗಂಬಕ್ಕೆ ಕೆಳಗಿನಿಂದ ಮೇಲಕ್ಕೆ ಹಸಿರು, ಹಳದಿ, ಕೆಂಪು ಬಣ್ಣ ಬಳಿದಿದ್ದಾರೆ. ನೀರು ಹಸಿರಿನಲ್ಲಿದ್ದರೆ ಚಿಂತೆಯಿಲ್ಲ. ಹಳದಿ ಮುಟ್ಟಿದರೆ ಗಡಿಯಾಚೆಯ ಊರಿಗೆ ಫೋನ್ ಮಾಡಿ ಎಚ್ಚರ ಹೇಳಬೇಕು. ಕೆಂಪು ಮುಟ್ಟಿದರೆ, ಹೊಳೆಯೊಳಗೆ ಒಂದು ಆಡಿನ ಮರಿಯೂ ಉಳಿಯಬಾರದು ಎಂದು ಹೇಳಬೇಕು. ಆ ಫೋನ್ ಮಾಡುವ ಕೆಲಸ ನನ್ನ ಮಗಳು ಫುಲೇಸರಿಯದು.

ಹೊಳೆ ಎರಡು ದೇಶದ್ದು. ಮಳೆ ಹುಯ್ಯುವುದು ನಮ್ಮ ನೇಪಾಳದ ಬೆಟ್ಟದಲ್ಲಿ, ಮುಳುಗುವುದು ಹಿಂದೂಸ್ತಾನದ ಬಯಲು. ನಮ್ಮಲ್ಲಿ ಆಕಾಶ ಹರಿದು ಬೀಳುತ್ತಿದ್ದರೂ ಅಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ. ಒಣಗಿದ ಮರಳಿನ ಮೇಲೆ ಆಡು ಮೇಯಿಸುವವರಿಗೆ ಬೆನ್ನ ಹಿಂದೆ ನೀರು ಬರುತ್ತಿದೆಯೆಂದು ಗೊತ್ತೇ ಆಗುವುದಿಲ್ಲ. ಹೀಗೆ ವರ್ಷ ವರ್ಷವೂ ಜನ ಹೋಗುತ್ತಿದ್ದುದನ್ನು ನೋಡಿ ಎರಡೂ ಕಡೆಯವರು ಗಡಿಯ ಪೇಟೆಯಲ್ಲಿ ಸಭೆ ಸೇರಿ, ಮೇಲಿನವರು ಕೆಳಗಿನವರಿಗೆ ಹೇಳುವ ಈ ಏರ್ಪಾಡು ಮಾಡಿದರು.

ಫುಲೇಸರಿಯನ್ನು ಆರಿಸಿದ್ದಕ್ಕೆ ಕಾರಣವಿತ್ತು. ಅವಳನ್ನು ಕೊಟ್ಟದ್ದು ಅದೇ ಹೊಳೆಯ ದಂಡೆಗೆ, ಗಡಿಯಾಚೆಯ ಬೆಲಹಿಯಾ ಊರಿಗೆ. ಅಳಿಯ ಹರಿನಾಥ ಆಮೇಲೆ ಈಚೆ ಬಂದು ಹೆದ್ದಾರಿಯ ಪಕ್ಕ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡ. ಮಗಳು ಹೀಗೆ ಮದುವೆಯಾಗಿಯೂ ನನ್ನ ಕಣ್ಣೆದುರಿಗೇ ಉಳಿದಳು. ಹರಿನಾಥನ ಅಣ್ಣ ಬಿಸುನ್‌ದೇವ್ ಮಹತೋ ಮತ್ತು ಅವರ ಹೆಂಡತಿ ಕೌಸಿಲಾ ಬೆಲಹಿಯಾದಲ್ಲೇ ಇದ್ದರು. ಆ ಊರಿನ ಪರವಾಗಿ ಎಚ್ಚರಿಕೆಯ ಫೋನ್ ಇಟ್ಟುಕೊಳ್ಳಲು ಒಪ್ಪಿದವಳು ಕೌಸಿಲಾ. ಮೇಲಿನವಳೂ ಕೆಳಗಿನವಳೂ ಓರಗಿತ್ತಿಯರೆಂದು ತಿಳಿದಾಗ ಸಭೆಯ ದೊಡ್ಡವರು ನಕ್ಕು, ಎರಡು ದೇಶ ಒಂದೇ ಅಡುಗೆಮನೆಗೆ ಬಂತು, ಇನ್ನು ತಪ್ಪುವ ಮಾತೇ ಇಲ್ಲ ಎಂದರಂತೆ.

ಇಬ್ಬರೂ ದಿನಾ ಮಾತಾಡುತ್ತಿದ್ದರು. ಹೊಳೆಯ ಸುದ್ದಿ ಚೂರು, ಉಳಿದದ್ದೆಲ್ಲ ಸಂಸಾರದ್ದು. ಕೌಸಿಲಾಳ ಬಾಯಿ ಜೋರು. ಚೈತ್ರದ ಒಣಗಾಲದಲ್ಲಿ ಒಮ್ಮೆ ಅವಳು ಹೇಳಿದ್ದು ನನಗೇ ಕೇಳಿಸಿತ್ತು:

"ನಿಮ್ಮ ನೇಪಾಳದವ್ರು ಬೇಸಿಗೇಲಿ ಒಂದು ಚೊಂಬು ನೀರು ಬಿಡಲ್ಲ. ಮಳೆಗಾಲ ಬಂದ್ರೆ ಧಾರಾಳ ನೋಡು, ಮನೆ ಬಾಗಿಲಿಗೇ ತಂದ್ಕೊಡ್ತೀರಿ."

"ಬೇಸಿಗೇಲಿ ಬೇಕಾದ್ರೆ ಚೊಂಬು ತಗೊಂಡು ನೀವೇ ಬನ್ನಿ ದೀದಿ," ಎಂದಳು ನನ್ನ ಮಗಳು. ಓರಗಿತ್ತಿಯನ್ನು ಅವಳು ದೀದಿ ಎಂದೇ ಕರೆಯುತ್ತಿದ್ದುದು, ತಾಯಿಯಾದ ನನ್ನನ್ನು ಮಾಯ್ ಎಂದು.

ಬಿಸುನ್‌ದೇವರ ಜತೆ ಮಾತ್ರ ಫುಲೇಸರಿಗೆ ಮಾತಿರಲಿಲ್ಲ. ನಮ್ಮ ಕಡೆ ಗಂಡನ ಅಣ್ಣನೊಂದಿಗೆ ಹೆಂಗಸು ಮಾತಾಡುವುದಿಲ್ಲ, ಅವರು ಕೊಟ್ಟದ್ದನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವುದಿಲ್ಲ. ಅವರು ಅಂಗಳಕ್ಕೆ ಬರುವ ಮುಂಚೆ ಕೆಮ್ಮುತ್ತಾರೆ. ಇವಳು ಸೆರಗು ಎಳೆದುಕೊಂಡು ಗೋಡೆಯ ಹಿಂದೆ ಸರಿಯುತ್ತಾಳೆ. ಏನಾದರೂ ಹೇಳಲೇಬೇಕಾದರೆ ಮಗುವಿಗೆ, ಇವಳ ಮಗಳು ಜೂಹಿಗೆ, ಹೇಳಬೇಕು. "ಜೂಹಿ, ಹೇಳು, ಊಟ ಬಡಿಸಿದೆ ಅಂತ." ಅವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರೂ, ಜೂಹಿ ಅದನ್ನೇ ಮತ್ತೆ ಹೇಳಿದ ಮೇಲೆ ಏಳುತ್ತಾರೆ. ಇದು ಸಿಟ್ಟಲ್ಲ, ಮರ್ಯಾದೆ. ಬಿಸುನ್‌ದೇವ್ ಮೆತ್ತನೆಯ ಮನುಷ್ಯ. ಛಠ್ ಹಬ್ಬಕ್ಕೆ ತಮ್ಮನ ಹೆಂಡತಿಗೆ ಸೀರೆ ಕಳಿಸದೆ ಒಂದು ವರ್ಷವೂ ಇರಲಿಲ್ಲ. ಮದುವೆಯಾಗಿ ಹತ್ತು ವರ್ಷ ದಾಟಿದರೂ ಅವರಿಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿರಲಿಲ್ಲ.

ಕಳೆದ ವರ್ಷ ಆಷಾಢದಲ್ಲಿ ಶಾಲೆಗೆ ರಜೆ ಕೊಟ್ಟಿದ್ದರು. ಮೊಮ್ಮಗಳು ಜೂಹಿ ದೊಡ್ಡಪ್ಪನ ಮನೆಯ ಮಾವಿನಹಣ್ಣಿಗೆಂದು ಬೆಲಹಿಯಾಕ್ಕೆ ಹೋಗಿದ್ದಳು. ಎಂಟು ವರ್ಷದ ಹುಡುಗಿ. ನಿಂತಲ್ಲಿ ನಿಲ್ಲುವವಳಲ್ಲ. ಯಾರು ಏನು ಕೆಲಸ ಹೇಳಿದರೂ ಓಡಿಯೇ ಮಾಡುತ್ತಾಳೆ.

ಅವತ್ತು ಬೆಳಗಾಗುವಾಗಲೇ ಬೆಟ್ಟದ ತಲೆ ಕಾಣುತ್ತಿರಲಿಲ್ಲ. ಫುಲೇಸರಿ ಎರಡು ಸಲ ಸೇತುವೆಗೆ ಹೋಗಿ ಬಂದು, ಹಸಿರಿನಲ್ಲೇ ಇದೆ ಎಂದಿದ್ದಳು. ಮೂರನೆಯ ಸಲ ಹೋದವಳು ಬರಲಿಲ್ಲ. ನಾನು ಅನ್ನ ಬಸಿದು, ಬೇಳೆಗೆ ಒಗ್ಗರಣೆ ಕೊಟ್ಟು, ಕೊಡೆ ತೆಗೆದುಕೊಂಡು ಹೊರಟೆ. ಸೇತುವೆ ಹತ್ತಿದಾಗ ಕಾಲ ಕೆಳಗಿನ ಸಿಮೆಂಟು ನಡುಗುವುದು ಗೊತ್ತಾಯಿತು. ಬಗ್ಗಿ ನೋಡಿದೆ. ಹಸಿರಿಲ್ಲ, ಹಳದಿಯಿಲ್ಲ. ಬೇರು ಸಮೇತ ಒಂದು ಸಾಲ್ ಮರ ಕೆಂಪು ಬಣ್ಣಕ್ಕೆ ಬಡಿದು ಮುಂದೆ ಹೋಯಿತು.

ಮಗಳು ಕಂಬಿಗೆ ಒರಗಿ ಮೊಬೈಲು ಹಿಡಿದು ನಿಂತಿದ್ದಳು. ಫೋನ್ ಮಾಡಿದೆಯಾ ಎಂದು ಕೇಳಿದೆ. ಮಾಡಿದೆ ಎಂದಳು. ಕೌಸಿಲಾ ಏನಂದಳು ಎಂದೆ.

"ಅವರು ಎತ್ತಿದ್ರು, ಮಾಯ್."

ಯಾರು ಎಂದು ನಾನು ಕೇಳಲಿಲ್ಲ.

"ಆಮೇಲೆ?"

"ಇಟ್ಟುಬಿಟ್ಟೆ."

ಈಗಲೂ ನೆನೆದರೆ ನನಗೆ ಬೆಚ್ಚಿಬೀಳುವಂತಾಗುವುದು ಇದಕ್ಕೇ: ಅವಳು ಹಾಗೆಂದಾಗ ನನಗೆ ಒಂದು ಕ್ಷಣ ಏನೂ ಅನಿಸಲಿಲ್ಲ. ಮತ್ತೇನು ಮಾಡುತ್ತಾಳೆ ಪಾಪ, ಭಾವ ಎತ್ತಿದರೆ ಇಡಲೇಬೇಕಲ್ಲ ಎನ್ನಿಸಿತು. ಅಷ್ಟರಲ್ಲಿ ಇನ್ನೊಂದು ಮರ ಕಂಬಕ್ಕೆ ಬಡಿಯಿತು. ನಾನು ಮೊಬೈಲಿಗೆ ಕೈ ಹಾಕಿದೆ.

"ಕೊಡು ಇಲ್ಲಿ. ನಾನು ಮಾತಾಡ್ತೀನಿ. ಬೀಗರ ಜತೆ ಮಾತಾಡೋಕೆ ನಂಗೇನು ಅಡ್ಡಿ?"

ಆಗಲೇ ಮತ್ತೆರಡು ಸಲ ಮಾಡಿದ್ದಾಳಂತೆ. ಈಗ ಯಾರೂ ಎತ್ತುತ್ತಿಲ್ಲ. ನಾನು ಕಿವಿಗಿಟ್ಟುಕೊಂಡೆ. ಕರೆ ಹೋಗುತ್ತಿತ್ತು, ಹೋಗುತ್ತಲೇ ಇತ್ತು. ಆ ಮನೆಯಲ್ಲಿ ಇರುವುದು ಅದೊಂದೇ ಫೋನು. ಹೆಸರು ನೋಡಿ, ತಮ್ಮನ ಹೆಂಡತಿಯದೆಂದು ತಿಳಿದು, ಬಿಸುನ್‌ದೇವ್ ಅದನ್ನು ಮಂಚದ ಮೇಲಿಟ್ಟು ಮರ್ಯಾದೆಯಿಂದ ಹೊರಗೆ ಹೋಗಿರಬೇಕೆಂದು ನನಗೆ ಅರ್ಥವಾಯಿತು. ಹೆಂಗಸರು ಹೆಂಗಸರು ಮಾತಾಡಿಕೊಳ್ಳಲಿ ಎಂದು.

ಆ ಊರಿನ ಇನ್ನೂ ಕೆಲವರ ನಂಬರು ಅವಳಿಗೆ ಕೊಟ್ಟಿದ್ದರು. ಒಬ್ಬ ಕೂಲಿಗೆ ಪಂಜಾಬಿಗೆ ಹೋಗಿದ್ದ. ಒಬ್ಬನ ಫೋನು ಬಂದ್ ಆಗಿತ್ತು. ಲಾಲ್‌ಬಾಬು ಎಂಬವನು ಎತ್ತಿದ. ಅವನು ವರಸೆಯಲ್ಲಿ ಮೈದುನ, ಅತ್ತಿಗೆಯನ್ನು ಭೌಜಿ ಎಂದು ಕರೆದು ಹಾಸ್ಯ ಮಾಡುವ ಹಕ್ಕುಳ್ಳವನು.

"ಇಲ್ಲಿ ಬಿಸಿಲಿಗೆ ನೆತ್ತಿ ಕಾದು ಹೋಗಿದೆ ಭೌಜಿ. ನಿಮ್ಮ ನೀರು ಬೇಗ ಕಳಿಸಿ, ಸ್ನಾನ ಆದ್ರೂ ಮಾಡ್ಕೋತೀನಿ."

ಫುಲೇಸರಿ ಬೈದಳು. ಕೆಂಪು ಮುಳುಗಿದೆ ಎಂದಳು. ಅವನ ದನಿ ಬದಲಾಯಿತು. ತಾನು ಊರಲ್ಲಿಲ್ಲ, ಪೇಟೆಯಲ್ಲಿ ಗೊಬ್ಬರದ ಸಾಲಿನಲ್ಲಿ ನಿಂತಿದ್ದೇನೆ, ಊರಿನ ಯಾರಿಗಾದರೂ ಹೇಳುತ್ತೇನೆ ಎಂದು ಇಟ್ಟ. ಯಾರಿಗೆ ಹೇಳಿದನೋ, ಅವರಿಗೆ ಯಾವಾಗ ತಲುಪಿತೋ. ಅಂಗಡಿಯಲ್ಲಿದ್ದ ಹರಿನಾಥನನ್ನು ಕರೆದೆವು. ಅವನೂ ತನ್ನ ಫೋನಿನಿಂದ ಅಣ್ಣನ ಮನೆಗೆ ಮಾಡುತ್ತಾ ಬೈಕು ತರಲು ಓಡಿದ. ಮೇಲಿನ ನೀರು ಬೆಲಹಿಯಾ ಮುಟ್ಟಲು ಒಂದು ಅಡುಗೆ ಮಾಡಿ ಉಂಡು ಏಳುವಷ್ಟು ಹೊತ್ತು ಬೇಕು. ಅದರಲ್ಲಿ ಅಡುಗೆಯ ಹೊತ್ತು ಆಗಲೇ ಮುಗಿದಿತ್ತು.

ಆದರೂ ಆಗ ನಾನು ಹೆದರಿದ್ದು ಕೌಸಿಲಾಳಿಗಾಗಿ. ಹುಲ್ಲಿಗೆಂದು ಅವಳು ಹೊಳೆ ದಾಟಿ ಆಚೆಯ ಮರಳದಿಬ್ಬಕ್ಕೆ ಹೋಗುವುದು ನನಗೆ ಗೊತ್ತಿತ್ತು. ಫೋನು ಮನೆಯಲ್ಲಿದೆ ಎಂದರೆ ಅವಳು ಹೊಳೆಯಲ್ಲಿದ್ದಾಳೆ. ನೆನೆಯುತ್ತದೆಂದು ಅದನ್ನು ಬಿಟ್ಟು ಹೋಗಿರುತ್ತಾಳೆ. ಜೂಹಿ ಮನೆಯಲ್ಲಿರುತ್ತಾಳೆ, ಮಾವಿನ ವಾಟೆ ಚೀಪುತ್ತಾ ದೊಡ್ಡಪ್ಪನ ಪಕ್ಕದಲ್ಲಿರುತ್ತಾಳೆ ಎಂದು ಅದೊಂದು ಸಮಾಧಾನ ಇಟ್ಟುಕೊಂಡಿದ್ದೆ.

ಮತ್ತೆ ಮಾಡಿದಾಗ ಫೋನು ಎತ್ತಿದರು.

"ಹಲೋ," ಎಂದಿತು ಗಂಡಸಿನ ದನಿ. ಮಳೆಯ ಸದ್ದಿಗೆಂದು ಅವಳು ಗಟ್ಟಿಯಾಗಿ ಕೇಳಿಸುವಂತೆ ಇಟ್ಟಿದ್ದಳು. ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ಸೇತುವೆಯ ಮೇಲೆ ನಾವಿಬ್ಬರಲ್ಲದೆ ಒಂದು ನರಪಿಳ್ಳೆಯೂ ಇರಲಿಲ್ಲ. ನನ್ನ ಮಗಳು ನೆನೆದ ಸೆರಗನ್ನು ತಲೆಯ ಮೇಲಿಂದ ಗಲ್ಲದವರೆಗೆ ಎಳೆದುಕೊಂಡಳು. ಅವರು ಎದುರಿಗೇ ನಿಂತಿದ್ದಾರೇನೋ ಎನ್ನುವ ಹಾಗೆ. ಸೆರಗಿನ ಒಳಗೆ ಫೋನು ಹಿಡಿದು ಸ್ವಲ್ಪ ತಡೆದಳು. ಅವರನ್ನು ಏನೆಂದು ಕರೆಯಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಎಂದೂ ಕರೆದಿರಲಿಲ್ಲವಲ್ಲ.

"ನಾನು ಫುಲೇಸರಿ. ಕೆಂಪು ಮುಳುಗಿದೆ. ಹೊಳೇಲಿ ಯಾರೂ ಇರಬಾರದು."

ಆ ಕಡೆಯಿಂದ ಯಾರೋ ಬೋರು ಜಗ್ಗುವ ಸದ್ದು, ಕೋಳಿಯ ಸದ್ದು ಕೇಳಿಸುತ್ತಿತ್ತು. ಬಿಸಿಲಿನ ಊರಿನ ಸದ್ದು. ಕೇಳಿಸಿತೋ ಇಲ್ಲವೋ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮಾತಾಡಿದರು. ಅವಳಿಗೇ ಮಾತಾಡಿದರು.

"ಜೂಹಿನ ಹೊಳೆಗೆ ಕಳಿಸಿದೀನಿ. ಅಮ್ಮನ ಫೋನ್ ಬಂದಿದೆ, ದೊಡ್ಡಮ್ಮನ್ನ ಕರ್ಕೊಂಡು ಬಾ ಅಂತ."

ಫೋನು ನೆಲಕ್ಕೆ ಬಿದ್ದ ಸದ್ದಾಯಿತು. ಓಡುವ ಕಾಲಿನ ಸದ್ದಾಯಿತು. ಆಮೇಲೆ ಅದೇ ಕೋಳಿ.

ಫುಲೇಸರಿ ಸೆರಗು ಸರಿಸಿ ನನ್ನನ್ನು ನೋಡಿದಳು. ಹೆತ್ತವಳು ನಾನು. ಆ ಮುಖ ನನಗೆ ಗುರುತು ಸಿಗಲಿಲ್ಲ.

"ಮನೇಲಿ ಕೂತಿದ್ಲು, ಮಾಯ್," ಎಂದಳು ಮೆಲ್ಲಗೆ. "ನಾನು ಫೋನ್ ಮಾಡಿದ್ದಕ್ಕೇ ಹೊಳೆಗೆ ಹೋದ್ಲು."

ನಾನು ಕೆಳಗೆ ನೋಡಿದೆ. ಕೆಂಪು ನೀರು ಸೇತುವೆಯಡಿ ನುಗ್ಗಿ ದಕ್ಷಿಣಕ್ಕೆ ಹೋಗುತ್ತಿತ್ತು. ಅದನ್ನು ಹಿಂದಕ್ಕೆ ಕರೆಯುವ ಯಾವ ಫೋನೂ ಇರಲಿಲ್ಲ. ಅಳು ಬರಲಿಲ್ಲ. ಒಲೆ ಆರಿಸಿ ಬಂದೆನೋ ಇಲ್ಲವೋ ಎಂಬ ಯೋಚನೆ ಬಂತು. ಅಂಥ ಹೊತ್ತಿನಲ್ಲಿ ಅದೇಕೆ ಬಂತೋ ನನಗೆ ತಿಳಿಯದು.

ಹರಿನಾಥ ಬೈಕು ತಂದ. ಮೂವರೂ ಹತ್ತಿದೆವು. ಏರಿಯ ಮೇಲಿನ ದಾರಿ ಹೊಳೆಯ ಪಕ್ಕದಲ್ಲೇ ಹೋಗುತ್ತದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಳೆ ಹಿಂದಾಯಿತು, ರಸ್ತೆ ಒಣಗಿತ್ತು, ಬಿಸಿಲು ಬಂತು. ಎಡಕ್ಕೆ ನೋಡಿದರೆ ಹೊಳೆ ತುಂಬಿ ನಮ್ಮ ಜತೆಗೇ ಹೋಗುತ್ತಿತ್ತು. ಬೈಕು ತಿರುವಿನಲ್ಲಿ ನಿಧಾನಿಸಿದಾಗ ನೀರು ಮುಂದೆ, ನೇರ ದಾರಿಯಲ್ಲಿ ನಾವು ಮುಂದೆ. ಫುಲೇಸರಿ ನಡುವೆ ಕುಳಿತು ಅದೇ ನಂಬರಿಗೆ ಮಾಡುತ್ತಲೇ ಇದ್ದಳು.

ಗಡಿಯಲ್ಲಿ ನಮ್ಮ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಆಚೆಯ ಏರಿಯನ್ನು ನೀರು ಕೊರೆಯುತ್ತಿದೆ, ಯಾರನ್ನೂ ಬಿಡಬೇಡಿ ಎಂದು ಅವರ ಕಡೆಯವರು ಹೇಳಿದ್ದಾರೆ ಎಂದ. ಹರಿನಾಥ ಏನೋ ಹೇಳಹೋಗಿ ತೊದಲಿದ. ನನ್ನ ಮಗಳು ದನಿ ಎತ್ತಿ ಹೇಳಿದಳು, ತನ್ನ ಮಗು ಹೊಳೆಯಲ್ಲಿದೆ ಎಂದು. ಪೊಲೀಸ ಆಚೆಯ ಕಾವಲಿನವನತ್ತ ತಿರುಗಿ ಕೂಗಿದ. ಆಚೆಯವನು ಹಗ್ಗ ಇಳಿಸಿದ. ದಿನಾ ಚೀಲ ಬಿಚ್ಚಿ ಸಕ್ಕರೆ ಎಷ್ಟು, ಗೊಬ್ಬರ ಎಷ್ಟು ಎಂದು ಕೇಳುವವರು ಅವತ್ತು ನಮ್ಮ ಹೆಸರನ್ನೂ ಕೇಳಲಿಲ್ಲ.

ಬೆಲಹಿಯಾದ ಏರಿಯ ಮೇಲೆ ಊರಿಗೆ ಊರೇ ನಿಂತಿತ್ತು. ಅಷ್ಟು ಜನ ಸೇರಿದರೆ ಗಲಾಟೆ ಇರಬೇಕು, ಇರಲಿಲ್ಲ. ನಮ್ಮನ್ನು ನೋಡಿ ದಾರಿ ಬಿಟ್ಟರು. ಹಿಂದೆ ಹೊಳೆಯಿದ್ದ ಜಾಗದಲ್ಲಿ ಒಂದೇ ಕೆಸರು ಬಣ್ಣದ ನೀರು ಆಚೆ ದಡದವರೆಗೆ ಹರಡಿ, ಬಿಸಿಲಿಗೆ ಹೊಳೆಯುತ್ತಿತ್ತು. ತಲೆಯ ಮೇಲೆ ಒಂದು ಚೂರು ಮೋಡವಿಲ್ಲ.

ಬಿಸುನ್‌ದೇವ್ ಏರಿಯ ಇಳಿಜಾರಿನಲ್ಲಿ ಕೂತಿದ್ದರು. ಮೈಯೆಲ್ಲ ಕೆಸರು, ಮೊಣಕಾಲು ಒಡೆದು ರಕ್ತ. ಮಡಿಲಲ್ಲಿ, ಅವರ ಹೆಗಲ ಮೇಲಿನ ಗಮ್ಛಾ ಬಟ್ಟೆಯಲ್ಲಿ ಸುತ್ತಿದ ಜೂಹಿ ಇದ್ದಳು. ಕಣ್ಣು ತೆರೆದಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು.

ಬೇರೆ ದಿನವಾಗಿದ್ದರೆ ಅವರು ಮಗುವನ್ನು ಕೆಳಗಿಳಿಸಿ ದೂರ ಸರಿಯಬೇಕಿತ್ತು, ಮತ್ತೊಬ್ಬರು ಎತ್ತಿ ತಾಯಿಗೆ ಕೊಡಬೇಕಿತ್ತು. ಅತ್ತೆಯ ವರಸೆಯ ಮುದುಕಿಯೊಬ್ಬಳು ಅದಕ್ಕೆಂದೇ ಮುಂದೆ ಬಂದಳು ಕೂಡ. ಫುಲೇಸರಿ ಅವಳನ್ನು ದಾಟಿ ನೇರವಾಗಿ ಹೋದಳು. ತಲೆಯ ಮೇಲೆ ಸೆರಗಿರಲಿಲ್ಲ. ಭಾವನ ತೋಳುಗಳೊಳಗೆ ಕೈ ತೂರಿಸಿ ಮಗಳನ್ನು ಎತ್ತಿಕೊಂಡಳು. ಜೂಹಿಯನ್ನು ಎದೆಗೆ ಒತ್ತಿಕೊಂಡು ಅವಳು ಸುತ್ತ ನೋಡಿದಳು.

"ದೀದಿ ಎಲ್ಲಿ?"

ಬಿಸುನ್‌ದೇವ್ ನೀರಿನತ್ತ ನೋಡಿದರು. ಅಷ್ಟೆ.

ನಡೆದದ್ದನ್ನು ಆಮೇಲೆ ಅಲ್ಲಿದ್ದ ಹೆಂಗಸರು ಹೇಳಿದರು. ಕೌಸಿಲಾ ಹುಲ್ಲಿನ ಹೊರೆ ಕಟ್ಟಿ ಆಚೆ ದಡದ ಹತ್ತಿರದಲ್ಲೇ ಇದ್ದಳು. ಕಣಕಾಲಷ್ಟು ನೀರಿನಲ್ಲಿ ಜೂಹಿ ಓಡಿ ಬರುತ್ತಾ, ಅಮ್ಮನ ಫೋನು, ಅಮ್ಮನ ಫೋನು ಎಂದು ಕೂಗಿದಳು. ಆ ಹೊತ್ತಿನಲ್ಲಿ ಮೇಲಿನಿಂದ ಬರುವ ಫೋನೆಂದರೆ ಏನೆಂದು ಕೌಸಿಲಾಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಹೊರೆ ಬಿಸಾಡಿದಳು. ಆಚೆ ದಡ ಹತ್ತಿದ್ದರೆ ಉಳಿಯುತ್ತಿದ್ದಳು. ಅವಳ ಜತೆಯ ಹೆಂಗಸರು ಹತ್ತಿದರು, ಉಳಿದರು. ಅವಳು ಹೊಳೆಯ ನಡುವಿಗೆ, ಮಗುವಿನ ಕಡೆಗೆ ಓಡಿದಳು. ಎತ್ತಿ ಹೆಗಲಿಗೆ ಹಾಕಿಕೊಂಡು ಈಚೆ ದಡದತ್ತ ತಿರುಗುವಾಗ ನೀರು ಬಂತು. ಈ ಕಡೆಯಿಂದ ಬಿಸುನ್‌ದೇವ್ ಎದೆಮಟ್ಟ ಇಳಿದಿದ್ದರು. ಜೂಹಿ ಅವರ ಕೈಗೆ ಸಿಕ್ಕಿದಳು. ಕೌಸಿಲಾ ಸಿಗಲಿಲ್ಲ.

ಮಗಳನ್ನು ಕೊಟ್ಟ ಮನೆಯ ನೀರನ್ನೂ ನಾವು ಮುಟ್ಟುವುದಿಲ್ಲ. ಅಷ್ಟು ವರ್ಷದಲ್ಲಿ ನಾನು ಆ ಮನೆಯ ಹೊಸಿಲು ದಾಟಿರಲಿಲ್ಲ. ಅವತ್ತು ದಾಟಿದೆ. ಜೂಹಿಯ ಬಟ್ಟೆ ಬದಲಿಸಬೇಕಿತ್ತು, ಬಿಸಿ ಏನಾದರೂ ಕುಡಿಸಬೇಕಿತ್ತು. ಕೌಸಿಲಾಳ ಒಲೆಯಲ್ಲಿ ಬೂದಿಯ ಕೆಳಗೆ ಕೆಂಡ ಇನ್ನೂ ಇತ್ತು. ಮಾವಿನ ಕಾಯಿ ಹೆಚ್ಚಿ ಉಪ್ಪು ಸವರಿ ಮೊರದಲ್ಲಿ ಹರಡಿದ್ದಳು. ಹಾಲು ಕಾಯಿಸಿದೆ. ನನಗೂ ಬಾಯಾರಿತ್ತು, ಅವಳ ಬಿಂದಿಗೆಯಿಂದಲೇ ನೀರು ಬಗ್ಗಿಸಿ ಕುಡಿದೆ. ಯಾರೂ ನೋಡಲಿಲ್ಲ. ನೋಡಿದ್ದರೂ ನನಗೆ ಏನೂ ಅನಿಸುತ್ತಿರಲಿಲ್ಲ. ಮಂಚದ ಕೆಳಗೆ ಫೋನು ಬಿದ್ದಿತ್ತು. ಅದರ ಮೇಲೆ ನನ್ನ ಮಗಳ ಹೆಸರು ಸಾಲಾಗಿ ನಿಂತಿತ್ತು.

ಕೌಸಿಲಾ ಬಹಳ ಕೆಳಗೆ, ಸೋನಾಹಿ ದೊಡ್ಡ ನದಿ ಸೇರುವಲ್ಲಿ ಸಿಕ್ಕಿದಳು.

ತಿಂಗಳ ಮೇಲೆ ಎರಡು ದೇಶದವರ ಸಭೆ ಸೇರಿತು. ನಮ್ಮೆಲ್ಲರನ್ನೂ ಕರೆದಿದ್ದರು. ಬಂದ ಅಧಿಕಾರಿಗಳು ಒಳ್ಳೆಯವರೇ, ಮನಸ್ಸಿನಿಂದಲೇ ದುಃಖ ಹೇಳಿದರು. ಆಮೇಲೆ ಅವರಲ್ಲೊಬ್ಬರು, ಮೇಲಿನಿಂದ ಕರೆ ಹೊತ್ತಿಗೆ ಸರಿಯಾಗಿ ಹೋಗಿದೆ, ಕೆಳಗೆ ಅದನ್ನು ಎತ್ತಿದ್ದಾರೆ, ಅಂದರೆ ಏರ್ಪಾಡಿನಲ್ಲಿ ಲೋಪವಾಗಿಲ್ಲ ಎಂದರು. ಎರಡೂ ಕಡೆಯವರು ತಲೆಯಾಡಿಸಿದರು. ನನಗೆ ಕಿವಿಯಲ್ಲಿ ಸೇತುವೆಯ ಸದ್ದು ಕೇಳಿಸತೊಡಗಿತು.

ಬಿಸುನ್‌ದೇವ್ ಹಿಂದಿನ ಸಾಲಿನಿಂದ ಎದ್ದು ನಿಂತರು.

"ಎತ್ತಿದ್ದು ನಾನು, ಸಾಹೇಬ್ರೇ. ಆಯಮ್ಮ ನನ್ನ ಜತೆ ಮಾತಾಡೋ ಹಾಗಿಲ್ಲ. ನಾನು ಆಯಮ್ಮನ ಜತೆ ಮಾತಾಡೋ ಹಾಗಿಲ್ಲ. ಇದನ್ನೂ ಬರ್ಕೊಳ್ಳಿ."

ಆಮೇಲೆ ಒಬ್ಬರು ಸೈರನ್ ಇಡೋಣ ಎಂದರು. ಸೈರನ್ನಿಗೆ ಕರೆಂಟು ಎಲ್ಲಿ ಎಂದು ಇನ್ನೊಬ್ಬರು ಕೇಳಿದರು. ಎರಡೂ ಕಡೆ ಗಂಡಸರನ್ನೇ ನೇಮಿಸಿ ಎಂದ ಬೆಲಹಿಯಾದ ಹಿರಿಯನೊಬ್ಬ. ಅದಕ್ಕೆ ಲಾಲ್‌ಬಾಬು, ಗಂಡಸರು ಊರಲ್ಲಿರುವುದೆಲ್ಲಿ, ನಾನೇ ಅವತ್ತು ಪೇಟೆಯಲ್ಲಿದ್ದೆ ಎಂದು ತಲೆ ತಗ್ಗಿಸಿದ. ಯಾರೂ ನಗಲಿಲ್ಲ. ಬೆಲಹಿಯಾದ ಬೇರೆ ಹೆಂಗಸು ಯಾರಾದರೂ ಫೋನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಕೌಸಿಲಾ ಹಿಡಿದಿದ್ದ ಫೋನು ಅದು.

ನನ್ನ ಪಕ್ಕದಲ್ಲಿದ್ದ ಫುಲೇಸರಿ ಎದ್ದಳು. ಸೆರಗು ಹಣೆಯವರೆಗೆ ಇತ್ತು. ಸಾಹೇಬರತ್ತ ನೋಡಲಿಲ್ಲ. ತುಂಬಿದ ಸಭೆಯಲ್ಲಿ, ಎರಡು ದೇಶದ ಜನರ ತಲೆಗಳ ಮೇಲಿಂದ, ನೇರವಾಗಿ ಭಾವನಿಗೆ ಹೇಳಿದಳು.

"ಫೋನು ನಿಮ್ಮ ಹತ್ರಾನೇ ಇರ್ಲಿ. ನಾನು ಮಾತಾಡ್ತೀನಿ."

ಹಿಂದಿನಿಂದ ಯಾರೋ ಮುದುಕಿ ಹಲ್ಲಿನ ನಡುವೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ನನಗೂ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಬಿಸುನ್‌ದೇವ್ ಸುತ್ತ ನೋಡಿದರು. ಮಗುವಿನ ಮೂಲಕ ಹೇಳಿಸಲು ಅಲ್ಲಿ ಮಗುವಿರಲಿಲ್ಲ.

"ಆಗ್ಲಿ," ಎಂದರು ಅವಳಿಗೆ.

ಈ ವರ್ಷ ಆಷಾಢ ಮೊದಲಾಗುತ್ತಿದ್ದಂತೆಯೇ ಬೆಟ್ಟ ಕಪ್ಪಾಯಿತು. ನಾವು ಸೇತುವೆಯ ಮೇಲಿದ್ದೆವು. ಜೂಹಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವುದಿಲ್ಲ, ಅವಳೂ ಇದ್ದಳು. ನನ್ನ ಸೀರೆಯ ನೆರಿಗೆ ಹಿಡಿದು ರಸ್ತೆಯ ಕಡೆಗೇ ಮುಖ ಮಾಡಿ ನಿಂತಿದ್ದಳು. ನೀರು ಹಳದಿಗೆ ತಾಕಿತು. ಫುಲೇಸರಿ ಫೋನು ಹಚ್ಚಿದಳು. ಮೊದಲ ಸದ್ದಿಗೇ ಎತ್ತಿದರು. ಹಲೋ ಎನ್ನಲಿಲ್ಲ.

"ಜೂಹಿ ಎಲ್ಲಿದಾಳೆ?" ಎಂದರು.

"ಇಲ್ಲೇ. ಮಾಯ್ ಹತ್ರ ನಿಂತಿದಾಳೆ."

ಆ ಕಡೆ ಅವರು ಉಸಿರು ಬಿಟ್ಟದ್ದು ನನಗೂ ಕೇಳಿಸಿತು.

"ಹಾಂ. ಈಗ ಹೇಳು."

"ಹಳದಿ ಮುಟ್ಟಿದೆ," ಎಂದಳು ನನ್ನ ಮಗಳು. ಆಮೇಲೆ ಅವರು ಏರಿಯ ಉದ್ದಕ್ಕೂ ನಡೆಯುತ್ತಾ, ಮರಳಿನ ಮೇಲಿದ್ದವರನ್ನು ಹೆಸರು ಹೆಸರು ಹಿಡಿದು ಕೂಗುವುದು ಕೇಳಿಸಿತು. ಅವರೆಲ್ಲ ಮೇಲೆ ಹತ್ತುವವರೆಗೂ ಇಬ್ಬರೂ ಫೋನು ಇಡಲಿಲ್ಲ.